ಉದ್ದ ಎಂದರೆ ಎಷ್ಟು ಮಾರು?

"ಗುರುಗಳೇ, ಗೇಣು ಎಂದರೂ ಉದ್ದವೇ, ಮೊಳ ಎಂದರೂ ಉದ್ದವೇ, ಮಾರು ಎಂದರೂ ಉದ್ದವೇ. ಎಲ್ಲವೂ ಉದ್ದವೇ ಆದ ಮೇಲೆ ಉದ್ದವೊಂದನ್ನು ತಿಳಿದುಕೊಂಡರೆ ಸಾಲದೇ? ಈ ಚಿಲ್ಲರೆ ಹೆಸರುಗಳ ಗೊಡವೆ ಏಕೆ?"

ಶಿಷ್ಯ ಹೀಗೆ ಕೇಳಿ ಸುತ್ತ ಒಮ್ಮೆ ನೋಡಿದ. ಪ್ರಶ್ನೆ ಜಾಣತನದ್ದು ಎಂದು ಅವನಿಗೇ ಅನ್ನಿಸಿತ್ತು. ಈ ಶಿಷ್ಯನ ಶಾಲೊಂದು ಕೆಲವು ದಿನಗಳ ಹಿಂದೆ ಕಾಣೆಯಾಗಿತ್ತು. ಅಂದಿನಿಂದ ಅವನು ತನ್ನ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಒಂದೇ ಕೋಣೆಯಲ್ಲಿ ಮಲಗುವ ಕೂಡಲಯ್ಯನೊಡನೆ ಮಾತು ಬಿಟ್ಟಿದ್ದ. ಯಾರಾದರೂ ಕೇಳಿದರೆ, "ನನಗೆ ಯಾರ ಮೇಲೂ ಅನುಮಾನವಿಲ್ಲಪ್ಪ, ಎಲ್ಲರೂ ನನ್ನವರೇ" ಎನ್ನುತ್ತಿದ್ದ. ಗುರುಗಳು ಇದನ್ನೆಲ್ಲ ಕಂಡೂ ಕಾಣದಂತೆ ಇದ್ದರು. ಈಗ ಕೂಡಲಯ್ಯ ಕಂಬದ ಆಚೆ ಕುಳಿತು ಊಟದ ಎಲೆ ಒರೆಸುತ್ತಿದ್ದ. ಗುರುಗಳು ಅತ್ತ ನೋಡದೆ, "ಕತೆಯೊಂದಿದೆ, ಕೇಳು" ಎಂದು ಶುರುಮಾಡಿದರು.

ಒಂದು ಊರು. ಅಲ್ಲಿ ಕೆರೆ ದೂರ, ಹೊಳೆ ಇನ್ನೂ ದೂರ. ಅದಕ್ಕೆ ಮನೆಗೊಂದು ಬಾವಿ. ನೀರು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಿಕ್ಕಿದ್ದರಿಂದ ಬಾವಿಗಳೆಲ್ಲ ಹತ್ತು ಮಾರಿನ ಆಸುಪಾಸು. ಎರಡೂ ಕೈಯನ್ನು ಅಗಲಕ್ಕೆ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನಿನ್ನ ಮಾರು ನಿನಗೆ, ನನ್ನ ಮಾರು ನನಗೆ. ಆ ಊರಿನವರಿಗೆ ಇದರಿಂದ ಯಾವ ತೊಡಕೂ ಇರಲಿಲ್ಲ. ಯಾರ ತೋಳು ಎಷ್ಟು ಉದ್ದ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಊರಿನಲ್ಲಿ ಒಂದು ವಾಡಿಕೆ ಇತ್ತು. ಬೇಸಿಗೆ ಕಾಲಿಡುವ ಮುನ್ನ ಒಂದು ದಿನ ಪ್ರತಿ ಮನೆಯ ಯಜಮಾನನೂ ಹಗ್ಗದ ತುದಿಗೆ ಕಲ್ಲು ಕಟ್ಟಿ ತನ್ನ ಬಾವಿಗೆ ಇಳಿಬಿಡಬೇಕು. ಕಲ್ಲು ತಳ ಮುಟ್ಟಿದ ಮೇಲೆ ಹಗ್ಗವನ್ನು ಮೇಲೆಳೆದು, ತೋಳು ಚಾಚಿ ಅಳೆದು, ಬೀದಿಯಲ್ಲಿ ನಿಂತು "ನಮ್ಮ ಬಾವಿ ಇಷ್ಟು ಮಾರು" ಎಂದು ಕೂಗಿ ಹೇಳಬೇಕು. ಇದರಲ್ಲಿ ಪೂಜೆಯಿಲ್ಲ, ಪ್ರಸಾದವಿಲ್ಲ. ಕಾರಣ ಸರಳ. ಯಾರಾದರೂ ಬಾವಿಗೆ ಬಿದ್ದರೆ ಯಾವ ಮನೆಯ ಹಗ್ಗ ತಂದರೆ ಅಲ್ಲಿಗೆ ಮುಟ್ಟುತ್ತದೆ ಎಂಬುದು ಓಡುವವನಿಗೆ ಮೊದಲೇ ತಿಳಿದಿರಬೇಕು.

ಆ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ರೈತ. ಗಟ್ಟಿಗ, ನೀಳ ತೋಳಿನವನು, ಮೈ ಮುರಿದು ದುಡಿಯುವವನು. ಆದರೆ ಅನುಮಾನದ ಪ್ರಾಣಿ. ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಎನ್ನುವವನು. ಯಾರೂ ನಗದಿದ್ದರೆ, ಏನೋ ಮುಚ್ಚಿಡುತ್ತಿದ್ದಾರೆ ಎನ್ನುವವನು. ಬಾವಿಯ ಆಳ ಹೇಳುವ ವಾಡಿಕೆಯ ಮೇಲೂ ಅವನಿಗೆ ಗುಮಾನಿ. ಬಿದ್ದವರನ್ನು ಎತ್ತುವುದಕ್ಕಂತೆ! ಈ ಊರಿನಲ್ಲಿ ಯಾರು ಯಾವಾಗ ಬಾವಿಗೆ ಬಿದ್ದಿದ್ದಾರೆ? ಯಾರ ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿದುಕೊಳ್ಳುವ ಉಪಾಯ ಇದು, ಬೇರೇನಲ್ಲ. ಹೀಗೆ ಅವನ ಲೆಕ್ಕ.

ಒಮ್ಮೆ ಅವನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಆಗ ಅವನು ಬೇರೆ ಸೀಮೆಯಿಂದ ಆಳುಗಳನ್ನು ಕರೆಸಿ ಬಾವಿಯನ್ನು ಇನ್ನೂ ಆಳಕ್ಕೆ ತೋಡಿಸಿದ. ಕೇಳಿದವರಿಗೆ ಹೂಳು ತೆಗೆಸುತ್ತಿದ್ದೇನೆ ಎಂದ. ಮಣ್ಣನ್ನೆಲ್ಲ ಹೊಲಕ್ಕೆ ಸಾಗಿಸಿ ಹರಡಿಸಿದ. ಆಳುಗಳು ಹೊರಟುಹೋದ ಮೇಲೆ ತಾನೇ ಅಳೆದು ನೋಡಿದ. ಹದಿನಾಲ್ಕು ಮಾರು. ತಳದಲ್ಲಿ ಒಳ್ಳೆಯ ಸೆಲೆ ಸಿಕ್ಕಿತ್ತು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅದರ ಹಿಂದೆಯೇ ಹೆದರಿಕೆಯೂ ಬಂತು. ಗೊತ್ತಾದರೆ ಬೇಸಿಗೆಯಲ್ಲಿ ಊರಿಗೆ ಊರೇ ಕೊಡ ಹಿಡಿದು ಬಾಗಿಲಿಗೆ ಬರುತ್ತದೆ!

ಅಂದಿನಿಂದ ಅವನು ಆ ಬಾವಿಯ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿ ಇದ್ದ. ಹೆಂಡತಿ ಕೂಸಿನೊಡನೆ ಮರಳಿ ಬಂದ ಮೇಲೆ ಅವಳನ್ನೂ ನೀರು ಸೇದಲು ಬಿಡಲಿಲ್ಲ. ದಿನಾ ಸೇದುವವಳಿಗೆ ಹಗ್ಗ ಕೈಯಲ್ಲೇ ಲೆಕ್ಕ ಹೇಳುತ್ತದಲ್ಲ! "ನೀನು ಬಾಣಂತಿ, ನಾನು ಸೇದುತ್ತೇನೆ" ಎಂದ. ಬಾಣಂತನ ಮುಗಿಯಿತು, ಕೂಸು ಅಂಬೆಗಾಲಿಟ್ಟಿತು, ನಡೆಯಿತು, ಓಡಿತು. ಆಗಲೂ ಅವನೇ ಸೇದಿದ. ಹೆಂಡತಿ ಅದನ್ನು ಪ್ರೀತಿ ಎಂದುಕೊಂಡಳು. ನೆರೆಹೊರೆಯ ಹೆಂಗಸರ ಮುಂದೆ ಹೇಳಿಕೊಂಡು ಹಿಗ್ಗಿದಳು. ಅವರೂ ತಮ್ಮ ತಮ್ಮ ಗಂಡಂದಿರನ್ನು ಆಡಿಕೊಂಡರು.

ವಾಡಿಕೆಯ ದಿನ ಬಂದಾಗ ಎಲ್ಲರೂ ಹತ್ತು, ಹತ್ತೂವರೆ, ಒಂಬತ್ತು ಮಾರು ಎಂದು ಕೂಗಿದರೆ ಇವನು ಹೊಸಿಲ ಮೇಲೆ ನಿಂತು, "ನಮ್ಮದು ಆಳವಾಗಿದೆ" ಎಂದಷ್ಟೇ ಹೇಳುತ್ತಿದ್ದ. ಸುಳ್ಳಾಡಿದಂತೆಯೂ ಆಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ಜನ ನಕ್ಕು, ಇವನದೂ ಹತ್ತೇ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಒಂದು ವರ್ಷ ಅವನ ಹಗ್ಗ ನುಲಿ ಬಿಟ್ಟು ಲಡ್ಡಾಯಿತು. ಹೊಸದನ್ನು ತರಲು ಸಂತೆಗೆ ಹೋದ. ಹಗ್ಗ ಹೊಸೆಯುವವನ ಮುಂದೆ ನಿಂತು, "ಉದ್ದವಾದ ಹಗ್ಗ ಕೊಡು" ಎಂದ.

"ಉದ್ದ ಅಂದ್ರೆ ಎಷ್ಟು ಮಾರು ಯಜಮಾನ್ರೇ? ಹೊರೆ ಕಟ್ಟೋಕಾ, ಎತ್ತು ಕಟ್ಟೋಕಾ, ಬಾವಿಗಾ?"

ರೈತನ ಕಿವಿ ನಿಮಿರಿತು. ಪಕ್ಕದಲ್ಲಿ ಕುಡುಗೋಲು ಕೊಳ್ಳುತ್ತಿದ್ದವನು ತನ್ನ ಊರಿನವನಂತೆ ಕಂಡ. "ಅದೆಲ್ಲ ನಿನಗೆ ಯಾಕೆ? ಉದ್ದವಾಗಿರಲಿ, ಅಷ್ಟೇ" ಎಂದ.

"ಉದ್ದಾನ ನಾನು ಎಲ್ಲಿಂದ ಕತ್ತರಿಸಿ ಕೊಡ್ಲಿ? ಮಾರು ಹೇಳಿದ್ರೆ ಕತ್ತರಿಸ್ತೀನಿ" ಎಂದು ಅವನು ನಕ್ಕ. ಕೊನೆಗೆ ತನ್ನಲ್ಲಿದ್ದ ದೊಡ್ಡ ಸುರುಳಿಯನ್ನು ಹಾಗೆಯೇ ಎತ್ತಿಕೊಟ್ಟ. ರೈತ ಅದನ್ನು ಹೊತ್ತು ತಂದು, ಬಾಗಿಲಿಗೆ ಅಗಳಿ ಹಾಕಿ ಅಳೆದು ನೋಡಿದ. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಹಗ್ಗದವನ ನಗುವಿನಲ್ಲಿ ಏನಿತ್ತು ಎಂದು ಮಾತ್ರ ಎರಡು ದಿನ ತಲೆ ಕೆಡಿಸಿಕೊಂಡ.

ಆ ಬೇಸಿಗೆ ಅವನ ಬಾವಿಯ ನೀರು ತುಸು ಇಳಿಯಿತು. ಬೇಸಿಗೆಯಲ್ಲಿ ನೀರು ಇಳಿಯುವುದು ಲೋಕಕ್ಕೆಲ್ಲ ಸಹಜ, ಅನುಮಾನದವನಿಗೆ ಮಾತ್ರ ಅಲ್ಲ. ಅವನ ಕಣ್ಣು ನೆರೆಮನೆಯವನ ಮೇಲೆ ಹೋಯಿತು. ಅವನು ಇವನ ಓರಗೆಯವನು, ಒಟ್ಟಿಗೆ ಆಡಿ ಬೆಳೆದವನು. ಇವನ ಬಾವಿಯನ್ನು ಮೊದಲು ತೋಡಿದಾಗ ಜೊತೆಗೆ ನಿಂತು ಹಗ್ಗ ಅಳೆದವನು. ಈಚೆಗೆ ತನ್ನ ಬಾವಿಯ ಬಳಿ ಏನೋ ಕುಟ್ಟುತ್ತಿದ್ದ. ಕಟ್ಟೆಯ ಕಲ್ಲು ಸಡಿಲವಾಗಿದ್ದರೆ ಕುಟ್ಟುವುದಿಲ್ಲವೇ? ಇವನಿಗೆ ಹಾಗೆ ತೋಚಲಿಲ್ಲ. ಅಡ್ಡಕ್ಕೆ ಸುರಂಗ ಕೊರೆದು ತನ್ನ ಸೆಲೆಯನ್ನು ಕದಿಯುತ್ತಿದ್ದಾನೆ ಎಂದು ತೋಚಿತು. ತೋಚಿದ ಮೇಲೆ ನಿದ್ದೆ ಹತ್ತಲಿಲ್ಲ. ಇಳಿದು ನೋಡಿಯೇ ತೀರಬೇಕು ಎಂದು ನಿಶ್ಚಯಿಸಿದ.

ಊರಿನವರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿದ. ಹೆಂಡತಿಯನ್ನೂ ಏನೋ ನೆಪ ಹೇಳಿ ಹೊಲಕ್ಕೆ ಕಳಿಸಿದ. ರಾಟೆಯ ಕಂಬ ಗಟ್ಟಿಮುಟ್ಟಾಗಿತ್ತು. ಆದರೆ ಅದಕ್ಕೆ ಹಗ್ಗ ಬಿಗಿದರೆ ಬೀದಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಅದಕ್ಕೆ ಗೋಡೆಯ ಮರೆಯಲ್ಲಿದ್ದ, ದನ ಕಟ್ಟುವ ಹಳೆಯ ಗೂಟಕ್ಕೆ ಬಿಗಿದ. ಗೂಟದ ಬುಡ ಗೆದ್ದಲು ಹಿಡಿದಿತ್ತು. ಊರಿನವರನ್ನೆಲ್ಲ ಅನುಮಾನಿಸಿದವನು ಗೂಟವನ್ನು ಅನುಮಾನಿಸಲಿಲ್ಲ.

ಇಳಿದ. ಮುಕ್ಕಾಲು ದಾರಿ ಇಳಿದಿರಬೇಕು, ಮೇಲೆ ಏನೋ ಲಟಕ್ಕೆಂದಿತು. ಗೂಟ ಕಿತ್ತು ಬಂತು. ಗೂಟ, ಹಗ್ಗ, ಅವನು, ಮೂವರೂ ಒಟ್ಟಿಗೆ ನೀರಿಗೆ ಬಿದ್ದರು.

ನೀರು ಇದ್ದುದರಿಂದ ಜೀವ ಉಳಿಯಿತು. ಕಾಲೊಂದು ಕಲ್ಲಿಗೆ ಬಡಿದು ಮುರಿದಿತ್ತು. ಎದೆಯ ಮಟ್ಟದ ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಂತು, ಗೋಡೆಯ ಒಂದು ಚಾಚುಗಲ್ಲನ್ನು ತಬ್ಬಿ ಹಿಡಿದ. ಅಷ್ಟರಲ್ಲೂ ಸುತ್ತ ಕಣ್ಣಾಡಿಸಿದ. ಸುರಂಗವಿಲ್ಲ, ತೂತಿಲ್ಲ. ನಾಲ್ಕೂ ಕಡೆ ಗೋಡೆ ಹೇಗಿತ್ತೋ ಹಾಗೆಯೇ ಇತ್ತು. ತಲೆಯೆತ್ತಿದರೆ ಆಕಾಶ ತಟ್ಟೆಯಷ್ಟು ಕಾಣುತ್ತಿತ್ತು. ಚಳಿಗೆ ಹಲ್ಲು ಕಟಕಟಿಸಿದವು. ಅವನಿಗೆ ಅಳು ಬಂತು. ಕೂಗಿದ, ಗಂಟಲು ಹರಿಯುವಂತೆ ಕೂಗಿದ.

ಬಹಳ ಹೊತ್ತಿನ ಮೇಲೆ ಹೊಲದಿಂದ ಬಂದ ಹೆಂಡತಿ ಕೇಳಿಸಿಕೊಂಡಳು. ಅವಳ ಬೊಬ್ಬೆಗೆ ಜನ ಸೇರಿತು. ಎಲ್ಲರಿಗಿಂತ ಮೊದಲು ಓಡಿಬಂದವನು ಆ ನೆರೆಯವನೇ. ಇವನ ಬಾವಿ ಹತ್ತು ಮಾರು ಎಂದೇ ಅವನ ತಿಳುವಳಿಕೆ. ತನ್ನ ಮನೆಯ ಹಗ್ಗವನ್ನು ತಂದು ಇಳಿಬಿಟ್ಟ.

ರೈತ ತಲೆಯೆತ್ತಿ ನೋಡಿದ. ಹಗ್ಗದ ತುದಿ ಎಲ್ಲೋ ಮೇಲೆ ಓಲಾಡುತ್ತಿತ್ತು.

"ಸಿಕ್ತೇನೋ?" ಎಂದು ನೆರೆಯವನು ಕೂಗಿದ.

ಇಲ್ಲ ಎನ್ನಬೇಕು. ಎಷ್ಟು ಸಾಲದು ಎಂದು ಹೇಳಬೇಕು. ಹೇಳಿದರೆ ಗುಟ್ಟು ರಟ್ಟಾಗುತ್ತದೆ. ಅದೂ ಯಾರ ಮುಂದೆ? ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟನೋ ಅವರೆಲ್ಲರ ಮುಂದೆ. ಹೋದ ಬೇಸಿಗೆಯಲ್ಲಿ ಇದೇ ನೆರೆಯವನ ಹೆಂಡತಿ ಒಂದು ಕೊಡ ನೀರು ಕೇಳಿದಾಗ, "ನಮ್ಮದೂ ತಳ ಕಂಡಿದೆ ಕಣಮ್ಮ" ಎಂದಿದ್ದ. ಅದು ನೆನಪಾಯಿತು.

"ಸ್ವಲ್ಪ ಸಾಲದು" ಎಂದ.

ಹಗ್ಗ ಮೇಲೆ ಹೋಯಿತು. ಯಾರೋ ತಮ್ಮ ಪಂಚೆಯನ್ನು ತುದಿಗೆ ಕಟ್ಟಿದರು. ಹಗ್ಗ ಮತ್ತೆ ಇಳಿಯಿತು. ಮುಟ್ಟಲಿಲ್ಲ.

"ಇನ್ನೂ ಸ್ವಲ್ಪ" ಎಂದ.

ಮತ್ತೆ ಮೇಲೆ ಹೋಯಿತು. ಈ ಸಲ ಅವನ ಹೆಂಡತಿಯ ಹಳೆಯ ಸೀರೆ ಬಂತು. ಅದರ ಅಂಚನ್ನು ಅವನು ಕೆಳಗಿನಿಂದಲೇ ಗುರುತಿಸಿದ. ಅದೂ ಮುಟ್ಟಲಿಲ್ಲ. ಹೀಗೆ ಸ್ವಲ್ಪ ಸ್ವಲ್ಪ ಎನ್ನುತ್ತಲೇ ಹಗ್ಗ ತನ್ನ ತನಕ ಬಂದುಬಿಡಲಿ, ಲೆಕ್ಕ ಯಾರಿಗೂ ಸಿಗದಿರಲಿ ಎಂದು ಅವನ ಆಸೆ. ಇತ್ತ ಬೆರಳುಗಳು ಮರಗಟ್ಟಿದ್ದವು. ಕಲ್ಲು ಹಿಡಿತಕ್ಕೆ ಸಿಗದೆ ಜಾರುತ್ತಿತ್ತು. ನೀರು ಒಮ್ಮೆ ಬಾಯಿಗೆ ಬಂದು ಹೋಯಿತು.

ಮೇಲಿದ್ದವನಿಗೆ ತಾಳ್ಮೆ ತಪ್ಪಿತು. ನೆರೆಯವನು ಕಟ್ಟೆಯ ಮೇಲೆ ಬೋರಲು ಮಲಗಿ, ಬಾವಿಯೆಲ್ಲ ಗುಂಯ್‌ಗುಡುವಂತೆ ಕೂಗಿದ: "ಸ್ವಲ್ಪ ಅಂದ್ರೆ ಎಷ್ಟೋ? ಗೇಣಾ, ಮೊಳಾನಾ, ಮಾರಾ? ಗೇಣಾದ್ರೆ ಇನ್ನೊಂಚೂರು ಬಗ್ತೀನಿ. ಮೊಳ ಆದ್ರೆ ಇನ್ನೊಂದು ಬಟ್ಟೆ ಗಂಟು ಹಾಕ್ತೀನಿ. ಮಾರುಗಟ್ಟಲೆ ಆದ್ರೆ ಮನೆಮನೆಗೆ ಓಡ್ಬೇಕು. ಬಾಯಿಬಿಟ್ಟು ಹೇಳೋ, ಸಾಯ್ತೀಯ!"

ರೈತ ಕಣ್ಣು ಮುಚ್ಚಿದ. ಸಾಯುವುದು ಹೆಚ್ಚೋ, ಹೇಳುವುದು ಹೆಚ್ಚೋ ಎಂದು ಒಂದು ಗಳಿಗೆ ತೂಗಿ ನೋಡಿದನಂತೆ. ಎಂಥವನು ನೋಡು! ಆಮೇಲೆ ಮೇಲಿನಿಂದ ಕೂಸಿನ ಅಳು ಕೇಳಿಸಿತು.

"ಹದಿನಾಲ್ಕು ಮಾರು" ಎಂದ. "ನನ್ನ ಮಾರು."

ಯಾರೂ ಬೈಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಬಾವಿಯ ಬಾಯಿಯಿಂದ ತಲೆಗಳು ಒಂದೊಂದಾಗಿ ಸರಿದವು. ಹೆಜ್ಜೆಗಳು ದೂರ ದೂರ ಹೋಗುವುದು ಅವನಿಗೆ ಕೇಳಿಸಿತು. ಕೊನೆಗೆ ಅದೂ ನಿಂತಿತು.

ಹೋದರು, ಎಂದುಕೊಂಡ. ಸುಳ್ಳ ಸಾಯಲಿ ಎಂದು ಬಿಟ್ಟುಹೋದರು. ತಾನು ಮೇಲಿದ್ದು ಅವರು ಕೆಳಗಿದ್ದಿದ್ದರೆ ತಾನೂ ಹಾಗೆಯೇ ಮಾಡುತ್ತಿದ್ದೆ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಒಂದು ಕೈ ಜಾರಿತು. ಇನ್ನೊಂದು ಕೈಯಲ್ಲಿ ನೇತಾಡಿಕೊಂಡು ನಿಂತ.

ಅವರು ಹೋಗಿದ್ದು ನಿಜ. ಒಬ್ಬೊಬ್ಬರು ಒಂದೊಂದು ಮನೆಗೆ ಓಡಿದ್ದರು. ಯಾವ ಮನೆಯಲ್ಲಿ ಎಷ್ಟು ಮಾರಿನ ಹಗ್ಗವಿದೆ ಎಂಬುದು ಅಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೆಜ್ಜೆಗಳು ಮತ್ತೆ ಬಂದವು, ಹೋದದ್ದಕ್ಕಿಂತ ಜೋರಾಗಿ ಬಂದವು. ನೆರೆಯವನ ದನಿ ಕೇಳಿಸಿತು. ಅವನು ಇವನೊಡನೆ ಮಾತಾಡುತ್ತಿರಲಿಲ್ಲ, ಗಂಟು ಹಾಕುವವರಿಗೆ ಹೇಳುತ್ತಿದ್ದ: "ಅವನ ಮಾರು ನನ್ನ ಮಾರಿಗಿಂತ ಒಂದು ಗೇಣು ಜಾಸ್ತಿ. ಒಟ್ಟಿಗೆ ಹಗ್ಗ ಅಳ್ದಿದೀವಿ, ನಂಗೊತ್ತು. ಹದಿನಾಲ್ಕು ಮಾರಿಗೆ ಹದಿನಾಲ್ಕು ಗೇಣು ಸೇರಿಸ್ಬೇಕು. ಎಂಟು ಗೇಣಿಗೆ ಒಂದು ಮಾರು. ಹದಿನಾರು ಇರ್ಲಿ, ಹಿಡಿಯೋಕೆ ಮೇಲೆ ಇನ್ನೆರಡು ಬಿಡಿ."

ರೈತ ಅದನ್ನು ಕೇಳಿದ. ತಾನು ಯಾರನ್ನು ಕಳ್ಳ ಎಂದುಕೊಂಡು ಇಲ್ಲಿಗೆ ಇಳಿದಿದ್ದನೋ ಅವನು ತನ್ನ ತೋಳಿನ ಉದ್ದವನ್ನು ಇಷ್ಟು ವರ್ಷ ನೆನಪಿನಲ್ಲಿ ಇಟ್ಟುಕೊಂಡಿದ್ದ.

ಹಗ್ಗ ಇಳಿದು ಬಂತು. ಈ ಸಲ ಅವನ ಎದೆ ಮುಟ್ಟಿತು, ನೀರನ್ನೂ ಮುಟ್ಟಿತು. ತುದಿಯಲ್ಲಿ ಕುಣಿಕೆಯಿತ್ತು. ಕಂಕುಳಿಗೆ ಹಾಕಿಕೊಂಡ. ಎಳೆದರು. ಮೇಲೆ ಬರುತ್ತಿದ್ದಂತೆ ಗಂಟುಗಳು ಒಂದೊಂದಾಗಿ ಅವನ ಮುಂದೆ ಕಟ್ಟೆ ಏರಿ ಹೋದವು. ಹೊಸ ಹಗ್ಗ, ಹಳೆಯ ಹಗ್ಗ, ಕತ್ತಾಳೆಯದು, ತೆಂಗಿನ ನಾರಿನದು. ಬೀದಿಯ ಮನೆಗಳೆಲ್ಲ ಅದರಲ್ಲಿದ್ದವು.

ಕಟ್ಟೆಯ ಮೇಲೆ ಕೂರಿಸಿದರು. ಯಾರೋ ಕಂಬಳಿ ಹೊದಿಸಿದರು. ಬಾವಿಯ ಆಳದ ಮಾತನ್ನು ಒಬ್ಬರೂ ಎತ್ತಲಿಲ್ಲ. ನೆರೆಯವನು ತನ್ನ ಹಗ್ಗವನ್ನು ಬಿಚ್ಚಿಕೊಂಡು, ಇವನ ಮುಖ ನೋಡದೆ, ಕಾಲು ಕಟ್ಟುವವರನ್ನು ಕರೆತರಲು ಹೊರಟ. ಹೆಂಡತಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನ ಮುಂದೆ ಬಂದು ನಿಂತಳು. ಅವಳ ಕಣ್ಣಿನ ನೀರು ಆರಿತ್ತು. ಅವಳು ಕೇಳಿದ್ದು ಒಂದೇ ಮಾತು.

"ಅದಕ್ಕೇನಾ ನೀವು ನನ್ನನ್ನ ನೀರು ಸೇದೋಕೆ ಬಿಡ್ತಿರ್ಲಿಲ್ಲ?"

ಬಾವಿಯ ತಳದಲ್ಲಿ ಆಗದಷ್ಟು ನೋವು ಅವನಿಗೆ ಆಗ ಆಯಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕಾದ. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ. "ಆಮೇಲೆ ಏನಾಯಿತು ಗುರುಗಳೇ?" ಎಂದು ಕೇಳಿದ.

"ಕಾಲು ಕೂಡಿಕೊಂಡ ಮೇಲೆ ಅವನು ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಸೇದಿದಳು. ಅವನ ಮೇಲಿನ ಹಳೆಯ ನಂಬಿಕೆ ಮರಳಿ ಬರಲು ಮಾತ್ರ ಬಹಳ ದಿನ ಹಿಡಿಯಿತು."

ಶಿಷ್ಯನ ಕೈ ತನಗೆ ತಿಳಿಯದೆಯೇ ಉಡಿದಾರದ ಬೀಗದ ಕೈಯ ಮೇಲೆ ಹೋಗಿತ್ತು. ಅದನ್ನು ಕಂಡು ಅವನಿಗೆ ನಾಚಿಕೆಯಾಯಿತು. ಆದರೂ ಜಾಣನಲ್ಲವೇ, ಸುಮ್ಮನಿರಲಾಗಲಿಲ್ಲ. ಕೈ ಮುಗಿದು ಹೇಳಿದ: "ತಿಳಿಯಿತು ಗುರುಗಳೇ. ಉದ್ದ ಎಂದರೆ ಸಾಲದು, ಎಷ್ಟು ಎಂದು ಬಾಯಿಬಿಟ್ಟು ಹೇಳಬೇಕು. ಅನುಮಾನವನ್ನು ಬಿಡಬೇಕು. ಇಂದಿನಿಂದ ನಾನು ಎಲ್ಲರನ್ನೂ ನಂಬುತ್ತೇನೆ."

ಕಂಬದ ಆಚೆ ಎಲೆ ಒರೆಸುತ್ತಿದ್ದ ಕೂಡಲಯ್ಯನ ಕೈ ನಿಂತಿತು.

ಗುರುಗಳು ಕೇಳಿದರು: "ಎಲ್ಲರನ್ನೂ ಎಂದರೆ ಯಾರನ್ನು?"

ಶಿಷ್ಯ ತಲೆ ತಗ್ಗಿಸಿದ. ಆಮೇಲೆ ಮೆಲ್ಲನೆ ಕಂಬದ ಕಡೆಗೆ ತಿರುಗಿದ.